ನಂದಾ-ಸುನಂದೆಯರ ನಡುವಿನ ದಾರಿ

ಮೂರು ವರ್ಷದ ಹಿಂದಿನ ಮಾತು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದ ನನ್ನ ಮಗಳು ಒಂದು ಸಂಜೆ ನಾಲ್ಕು ಹಾಳೆಯ ಅರ್ಜಿ ನಮೂನೆಯೊಂದನ್ನು ತಂದು, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಜಿನ ಮೇಲಿಟ್ಟಳು. ಉತ್ತರಾಖಂಡದ ಪರ್ವತಾರೋಹಣ ಶಾಲೆಯೊಂದರಲ್ಲಿ ನಾಲ್ಕು ವಾರಗಳ ಪ್ರಾಥಮಿಕ ತರಬೇತಿ. ಮೊದಲ ಮೂರು ಹಾಳೆಗಳನ್ನು ಅವಳೇ ತುಂಬಿದ್ದಳು. ಕೊನೆಯ ಹಾಳೆಯಲ್ಲಿ, ತರಬೇತಿಯ ಅಪಾಯಗಳನ್ನೆಲ್ಲ ಅರಿತೇ ಮಗಳನ್ನು ಕಳಿಸಲು ಒಪ್ಪಿದ್ದೇನೆ ಎಂದು ತಂದೆಯೋ ತಾಯಿಯೋ ರುಜು ಹಾಕಬೇಕಾದ ಜಾಗ ಮಾತ್ರ ಖಾಲಿ ಇತ್ತು.

“ನೋಡೋಣ” ಎಂದೆ.

ಮೇಷ್ಟರ ಮನೆಯಲ್ಲಿ ಬೆಳೆದ ಮಕ್ಕಳಿಗೆ ‘ನೋಡೋಣ’ ಎಂದರೆ ‘ಬೇಡ’ ಎಂದರ್ಥವೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವಳು ಮಾತಾಡದೆ ಒಳಗೆ ಹೋದಳು. ನಾನು ನಮೂನೆಯನ್ನು ಉತ್ತರಪತ್ರಿಕೆಗಳ ಕಟ್ಟಿನ ಕೆಳಗೆ ಸೇರಿಸಿದೆ. ಮೂವತ್ತು ವರ್ಷದಿಂದ ಮಕ್ಕಳಿಗೆ ‘ಬಾಯಿಪಾಠ ಮಾಡಬೇಡಿ, ಮಾಡಿ ನೋಡಿ’ ಎಂದು ಹೇಳುತ್ತಾ ಬಂದವನು ನಾನೇ. ಆದರೆ ಊರವರ ಮಕ್ಕಳಿಗೆ ಹೇಳುವುದು ಬೇರೆ, ಸ್ವಂತ ಮಗಳ ನಮೂನೆಗೆ ರುಜು ಹಾಕುವುದು ಬೇರೆ.

ಅದೇ ವರ್ಷ ದಸರಾ ರಜೆಗೆ ಕುಮಾಊಂ ಪ್ರವಾಸ ಮೊದಲೇ ನಿಶ್ಚಯವಾಗಿತ್ತು. ದೆಹಲಿಯಿಂದ ರಾತ್ರಿ ರೈಲಿನಲ್ಲಿ ಕಾಠಗೋದಾಮ್, ಅಲ್ಲಿಂದ ಜೀಪಿನಲ್ಲಿ ಅಲ್ಮೋರಾ. ಅಲ್ಮೋರಾದ ಪೇಟೆಯಲ್ಲಿ ನಂದಾದೇವಿಯ ಗುಡಿಯಿದೆ. ಭಾದ್ರಪದದಲ್ಲಿ ಅಲ್ಲಿ ನಡೆಯುವ ಜಾತ್ರೆಯಲ್ಲಿ ನಂದಾ ಮತ್ತು ಸುನಂದಾ ಎಂಬ ಅಕ್ಕತಂಗಿಯರ ಮೂರ್ತಿಗಳನ್ನು ಮಾಡಿ ಪೂಜಿಸಿ, ಕೊನೆಗೆ ಮೆರವಣಿಗೆಯಲ್ಲಿ ಬೀಳ್ಕೊಡುತ್ತಾರೆ. ಆ ಸೀಮೆಯವರಿಗೆ ನಂದಾ ತವರಿನ ಮಗಳು. ಗಢವಾಲದ ಕಡೆ 12 ವರ್ಷಕ್ಕೊಮ್ಮೆ ಆಕೆಯನ್ನು ಗಂಡನ ಮನೆಯಾದ ಕೈಲಾಸಕ್ಕೆ ಕಳಿಸಿಕೊಡುವ ದೊಡ್ಡ ಯಾತ್ರೆಯನ್ನೇ ನಡೆಸುತ್ತಾರೆ. ದಾರಿಯುದ್ದಕ್ಕೂ ಹೆಂಗಸರು ನಿಜವಾಗಿಯೇ ಅಳುತ್ತಾರಂತೆ. ನಮ್ಮಲ್ಲಿ ಗೌರಿಯನ್ನು ಕಳಿಸಿಕೊಡುವಾಗ ಮಡಿಲು ತುಂಬುವುದನ್ನು ಕಂಡಿದ್ದ ನನ್ನ ಹೆಂಡತಿಗೆ ಇದು ಹೊಸದೆನಿಸಲಿಲ್ಲ.

ಮರುದಿನ ಬಿನ್ಸರಕ್ಕೆ ಹೋದೆವು. ಸುಮಾರು 2400 ಮೀಟರ್ ಎತ್ತರದ, ಓಕ್ ಮತ್ತು ರೋಡೋಡೆಂಡ್ರಾನ್ ಮರಗಳ ದಟ್ಟ ಕಾಡು. ಮುಂಜಾನೆ ಕತ್ತಲಿರುವಾಗಲೇ ಎದ್ದು, ಜೀರೋ ಪಾಯಿಂಟ್ ಎಂದು ಕರೆಯುವ ನೋಟದ ಕಟ್ಟೆಗೆ ನಡೆದೆವು. ಬೆಳಕು ಹರಿದಂತೆ ಉತ್ತರದ ದಿಗಂತದ ಮೇಲೆ ಹಿಮಾಲಯದ ಸಾಲು ಒಂದೊಂದಾಗಿ ಮೂಡಿತು: ಎಡಕ್ಕೆ ಚೌಖಂಬಾ, ನಡುವೆ ತ್ರಿಶೂಲ, ಅದರ ಬಲಕ್ಕೆ ನಂದಾದೇವಿ, ಇನ್ನೂ ಬಲಕ್ಕೆ ಪಂಚಚೂಲಿ.

“ಅಪ್ಪ, ಸರಿಯಾಗಿ ನೋಡಿ. ನಂದಾದೇವಿ ಒಂದಲ್ಲ, ಎರಡು” ಎಂದಳು ಮಗಳು.

ಹೌದು. ಎಡಗಡೆಯದು ಮುಖ್ಯ ಶಿಖರ, 7816 ಮೀಟರ್. ಪೂರ್ತಿಯಾಗಿ ಭಾರತದೊಳಗೇ ಇರುವ ಪರ್ವತಗಳಲ್ಲಿ ಇದೇ ಅತ್ಯಂತ ಎತ್ತರದ್ದು. ಬಲಗಡೆಯದು ನಂದಾದೇವಿ ಪೂರ್ವ, 7434 ಮೀಟರ್. ಅಲ್ಲಿನವರು ಇದನ್ನೇ ಸುನಂದಾದೇವಿ ಎನ್ನುತ್ತಾರೆ. ಅಕ್ಕತಂಗಿಯರ ನಡುವೆ ಗರಗಸದ ಹಲ್ಲಿನಂಥ ಒಂದು ತೆಳು ಗೆರೆ. ಅದು ಎರಡು ಶಿಖರಗಳನ್ನು ಸೇರಿಸುವ ಏಣು.

ಹಳೆಯ ಚಟ, ಅಲ್ಲಿಯೂ ಪಾಠ ಶುರುಮಾಡಿದೆ. “ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ಎತ್ತಿಹಿಡಿ. ಒಂದು ಕಣ್ಣು ಮುಚ್ಚು.” ಚಾಚಿದ ತೋಳಿನ ಹೆಬ್ಬೆರಳು ನಮ್ಮ ಕಣ್ಣಿಗೆ ಸುಮಾರು 2 ಡಿಗ್ರಿ ಕೋನವನ್ನು ಮುಚ್ಚುತ್ತದೆ. ಬಿನ್ಸರದಿಂದ ನಂದಾದೇವಿ ನೇರ ಗೆರೆಯಲ್ಲಿ ಸುಮಾರು 75 ಕಿ.ಮೀ. ದೂರ. ಎರಡು ಶಿಖರಗಳ ನಡುವಿನ ಅಂತರ ಸುಮಾರು 2 ಕಿ.ಮೀ. ಲೆಕ್ಕ ಹಾಕಿದರೆ ಒಂದೂವರೆ ಡಿಗ್ರಿ ಬರುತ್ತದೆ. ಮಗಳು ಹೆಬ್ಬೆರಳು ಎತ್ತಿದಳು. ಅಕ್ಕ, ತಂಗಿ, ನಡುವಿನ ಏಣು ಎಲ್ಲವೂ ಬೆರಳಿನ ಹಿಂದೆ ಮಾಯವಾದವು.

“ಈ ಬೆರಳಿನಷ್ಟು ಅಗಲ ದಾಟೋದಕ್ಕೆ ಮನುಷ್ಯರಿಗೆ 25 ವರ್ಷ ಬೇಕಾಯ್ತು ಅಪ್ಪ” ಎಂದಳು.

ಕಾಲೇಜಿನ ಗ್ರಂಥಾಲಯದಲ್ಲಿ ಅವಳು ಈ ಪರ್ವತದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದಳೆಂದು ನನಗೆ ತಿಳಿದದ್ದು ಆಗಲೇ. ಆ ಬೆಳಿಗ್ಗೆ ಪಾಠ ಹೇಳಿದವಳು ಅವಳು, ಕೇಳಿದವನು ನಾನು. ಆಮೇಲೆ ಊರಿಗೆ ಬಂದು ಅವಳ ಪುಸ್ತಕಗಳನ್ನು ನಾನೂ ಓದಿದೆ. ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ನಂದಾದೇವಿಯ ಸುತ್ತ ಕೋಟೆಯ ಗೋಡೆಯಂತೆ ಎತ್ತರದ ಶಿಖರಗಳ ಬಳೆಯಿದೆ. ಆ ಗೋಡೆಯನ್ನು ಕೊರೆದು ಹೊರಬರುವುದು ಋಷಿಗಂಗಾ ನದಿಯೊಂದೇ. ಅದರ ಕಮರಿಯ ಮೂಲಕ ಒಳಬಯಲಿಗೆ ದಾರಿ ಕಂಡುಹಿಡಿಯುವುದಕ್ಕೇ ಅರ್ಧ ಶತಮಾನದ ಪ್ರಯತ್ನ ಬೇಕಾಯಿತು. 1934ರಲ್ಲಿ ಎರಿಕ್ ಶಿಪ್ಟನ್ ಮತ್ತು ಎಚ್.ಡಬ್ಲ್ಯೂ. ಟಿಲ್‌ಮನ್ ಮೂವರು ಶೆರ್ಪಾಗಳೊಂದಿಗೆ ಒಳಹೊಕ್ಕರು. 1936ರ ಆಗಸ್ಟ್ 29ರಂದು ಟಿಲ್‌ಮನ್ ಮತ್ತು ಭೂವಿಜ್ಞಾನಿ ನೋಯೆಲ್ ಓಡೆಲ್ ಮುಖ್ಯ ಶಿಖರವನ್ನು ಮುಟ್ಟಿದರು. 1950ರಲ್ಲಿ ಅನ್ನಪೂರ್ಣಾ ಶಿಖರವನ್ನು ಹತ್ತುವವರೆಗೂ ಮನುಷ್ಯನ ಕಾಲು ಸೋಕಿದ ಅತಿ ಎತ್ತರದ ಶಿಖರ ಇದೇ ಆಗಿತ್ತು. 1939ರ ಜುಲೈನಲ್ಲಿ ಪೋಲೆಂಡಿನ ಯಾಕುಬ್ ಬುಯಾಕ್ ಮತ್ತು ಯಾನುಷ್ ಕ್ಲಾರ್ನರ್ ಹೊರಗಿನ ಬದಿಯಿಂದ ಸುನಂದೆಯನ್ನು ಹತ್ತಿದರು. ಎರಡು ಶಿಖರಗಳೂ ಮುಗಿದವು. ಉಳಿದದ್ದು ನಡುವಿನ ದಾರಿ.

ಏಣು ಎಂದರೇನೆಂದು ನನಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವನು ನಾನು. ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಕೊನೆಯಲ್ಲಿ ಮಾಡು ಹತ್ತಿ ಒಡೆದ ಹೆಂಚುಗಳನ್ನು ಬದಲಾಯಿಸುವುದು ಪ್ರತಿ ವರ್ಷದ ಕೆಲಸ. ನನಗೆ 12 ತುಂಬಿದ ವರ್ಷ ಅಪ್ಪ ಆ ಕೆಲಸಕ್ಕೆ ನನ್ನನ್ನು ಹತ್ತಿಸಿದರು. ಏಣಿ ಏರಿ, ಇಳಿಜಾರಿನಲ್ಲಿ ತೆವಳಿ, ಎರಡು ಮಾಡುಗಳು ಕೂಡುವ ನೆತ್ತಿಯ ಸಾಲಿಗೆ ತಲುಪಿದೆ. ಅಲ್ಲಿಯವರೆಗೆ ಭಯವಿರಲಿಲ್ಲ, ಏಕೆಂದರೆ ಒಂದು ಕಡೆಗೆ ಮಾತ್ರ ಜಾರಬಹುದಿತ್ತು. ನೆತ್ತಿಯ ಮೇಲೆ ನಿಂತಾಗ ಎರಡು ಕಡೆಗೂ ಜಾರಬಹುದೆಂದು ಗೊತ್ತಾಯಿತು. ಕೈಗೆ ಆನಿಸಿಕೊಳ್ಳಲು ಏನೂ ಇರಲಿಲ್ಲ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ಮೊಣಕಾಲು ನಡುಗತೊಡಗಿತು.

ಕೆಳಗೆ ಏಣಿ ಹಿಡಿದು ನಿಂತಿದ್ದ ಅಪ್ಪ ಕೂಗಲಿಲ್ಲ, ಗದರಲಿಲ್ಲ. “ಕೂತ್ಕೋ. ಒಂದೊಂದು ಕಾಲು ಒಂದೊಂದು ಕಡೆ ಹಾಕು. ಕೈ ಊರಿ ಊರಿ ಸರಿ” ಎಂದರು. ಹಾಗೆಯೇ ಕುದುರೆ ಸವಾರಿಯಂತೆ ಕುಳಿತು ಸರಿದು ಕೆಲಸ ಮುಗಿಸಿದೆ. ಇಳಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: “ಇನ್ನು ಮೇಲೆ ಹತ್ತೋ ಮುಂಚೆ, ಬರೋವಾಗ ಹೇಗೆ ಬರ್ತೀನಿ ಅಂತ ಯೋಚಿಸು.”

ಪರ್ವತದ ಏಣಿನ ಕಷ್ಟವೂ ಇದೇ, ಸಾವಿರ ಪಟ್ಟು ಹೆಚ್ಚು. ಚೂಪಾದ ಜಾಗಗಳಲ್ಲಿ ಪರ್ವತಾರೋಹಿಗಳು ಕೂಡ ಎರಡು ಕಡೆ ಕಾಲು ಇಳಿಬಿಟ್ಟು ಕುಳಿತೇ ಸರಿಯುತ್ತಾರೆ ಎಂದು ಓದಿದಾಗ ನನಗೆ ನಮ್ಮ ಮಾಡು ನೆನಪಾಯಿತು. ಆದರೆ ಅಲ್ಲಿ ಹೆಂಚಿನ ಬದಲು ಹಿಮವಿದೆ. ಗಾಳಿ ಒಂದೇ ದಿಕ್ಕಿನಿಂದ ಬೀಸುವಾಗ ಹಿಮವು ಏಣಿನಾಚೆಗೆ ಚಾಚಿಕೊಂಡು, ಕೆಳಗೆ ಆಧಾರವಿಲ್ಲದೆ ಮನೆಯ ಸೂರಿನಂತೆ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಅದು ನೆಲದಂತೆಯೇ ಕಾಣುತ್ತದೆ. ಕಾಲಿಟ್ಟರೆ ಕುಸಿಯುತ್ತದೆ. ಹಾಗಾಗಿ ತಿಳಿದವರು ನೆತ್ತಿಯ ಗೆರೆಯ ಮೇಲೆ ನಡೆಯದೆ, ಗಾಳಿ ಬೀಸುವ ಬದಿಯಲ್ಲಿ ಸ್ವಲ್ಪ ಕೆಳಗೆ ಇಳಿಜಾರಿನಲ್ಲಿ ನಡೆಯುತ್ತಾರೆ.

ಇಬ್ಬರು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹೋಗುತ್ತಾರೆ. ಒಬ್ಬ ಎಡಕ್ಕೆ ಜಾರಿದರೆ ಇನ್ನೊಬ್ಬ ಏನು ಮಾಡಬೇಕು? ಹಿಡಿದು ನಿಲ್ಲಲು ಸಮಯವಿಲ್ಲದಿದ್ದರೆ ಬಲಕ್ಕೆ ಹಾರಬೇಕು! ಆಗ ಏಣಿನ ಎರಡೂ ಕಡೆ ಒಬ್ಬೊಬ್ಬರು ನೇತಾಡುತ್ತಾರೆ, ಹಗ್ಗ ನಡುವೆ ಕಚ್ಚಿ ನಿಲ್ಲುತ್ತದೆ. ರಾಟೆಯ ಎರಡು ಬದಿಗೆ ಕಟ್ಟಿದ ಸಮತೂಕದ ಕೊಡಗಳ ಪಾಠ ಇದೇ. ತರಗತಿಯಲ್ಲಿ ಬರೆಯುವುದು ಸುಲಭ. ಗೆಳೆಯನನ್ನು ಉಳಿಸಲು ತಾನೇ ಪ್ರಪಾತಕ್ಕೆ ಹಾರುವುದನ್ನು ಅರೆಕ್ಷಣದಲ್ಲಿ ತೀರ್ಮಾನಿಸುವುದು ಬೇರೆ ವಿಷಯ.

ಇದೆಲ್ಲವನ್ನೂ ಮಾಡಬೇಕಾದದ್ದು, ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 40ಕ್ಕಿಂತ ಕಡಿಮೆ ಇರುವ ಎತ್ತರದಲ್ಲಿ. ಅಲ್ಲಿ ನೀರು ಸುಮಾರು 75 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅಕ್ಕಿ ಸರಿಯಾಗಿ ಬೇಯುವುದಿಲ್ಲ. ಒಂದು ಹೆಜ್ಜೆಗೆ ನಾಲ್ಕಾರು ಉಸಿರು ಬೇಕು. ಬುದ್ಧಿಯೂ ಮಂದವಾಗುತ್ತದೆ. ಸರಿಯಾದ ತೀರ್ಮಾನ ಅತ್ಯಂತ ಅಗತ್ಯವಾದ ಕಡೆಯಲ್ಲೇ ತೀರ್ಮಾನಿಸುವ ಶಕ್ತಿ ಕುಗ್ಗಿರುತ್ತದೆ.

1951ರಲ್ಲಿ ಫ್ರಾನ್ಸಿನ ತಂಡವೊಂದು ಈ ಏಣನ್ನು ದಾಟಲು ಬಂತು. ನಾಯಕ ರೋಜೆ ದುಪ್ಲಾ ಮತ್ತು ಅವನ ಜೊತೆಗಾರ ಜಿಲ್ಬೇರ್ ವಿನ್ಯ್ ಮುಖ್ಯ ಶಿಖರವನ್ನು ಹತ್ತಿ, ಏಣಿನ ಮೇಲೆ ಪೂರ್ವಕ್ಕೆ ನಡೆದು ಸುನಂದೆಯನ್ನು ಸೇರಿ ಆ ಬದಿಗೆ ಇಳಿಯುವುದು ಯೋಜನೆ. ಅವರನ್ನು ಎದುರುಗೊಳ್ಳಲು ಪೂರ್ವದ ಬದಿಯಲ್ಲಿ ಲೂಯಿ ದುಬೋ ಮತ್ತು ತೇನ್‌ಸಿಂಗ್ ನೋರ್ಗೆ ಸಿದ್ಧರಾಗಿದ್ದರು. ಎರಡೇ ವರ್ಷಗಳ ನಂತರ ಎವರೆಸ್ಟ್ ಏರಿದ ತೇನ್‌ಸಿಂಗ್ ಇವರೇ. ಜೂನ್ 29ರಂದು ದುಪ್ಲಾ ಮತ್ತು ವಿನ್ಯ್ ಹಗುರವಾದ ಹೊರೆಯೊಂದಿಗೆ ಮುಖ್ಯ ಶಿಖರದತ್ತ ಹೊರಟರು. ತುದಿಯ ಹತ್ತಿರ ಅವರು ಕಂಡದ್ದೇ ಕೊನೆ. ಮೋಡ ಮುಚ್ಚಿತು. ಮತ್ತೆ ಅವರನ್ನು ಯಾರೂ ನೋಡಲಿಲ್ಲ.

ಕಾದು ಕಾದು, ಜುಲೈ 6ರಂದು ತೇನ್‌ಸಿಂಗ್ ಮತ್ತು ದುಬೋ ಅವರನ್ನು ಹುಡುಕುತ್ತ ಸುನಂದೆಯ ತುದಿಯವರೆಗೂ ಹತ್ತಿದರು. ಅಲ್ಲಿಂದ ಏಣಿನುದ್ದಕ್ಕೂ ಕಣ್ಣು ಹಾಯಿಸಿದರು. ಹೆಜ್ಜೆಗುರುತಿಲ್ಲ, ಹಗ್ಗವಿಲ್ಲ, ಏನೂ ಇಲ್ಲ. ತಾನು ಹತ್ತಿದ ಪರ್ವತಗಳಲ್ಲೆಲ್ಲ ಅತ್ಯಂತ ಕಠಿಣವಾದದ್ದು ಎವರೆಸ್ಟ್ ಅಲ್ಲ, ಅಂದಿನ ನಂದಾದೇವಿ ಪೂರ್ವ ಎಂದು ತೇನ್‌ಸಿಂಗ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡರು. ಅದು ಗೆಲ್ಲಲು ಹತ್ತಿದ ಬೆಟ್ಟವಲ್ಲ, ಹುಡುಕಲು ಹತ್ತಿದ್ದು.

ಆ ದಾರಿಯನ್ನು ಪೂರ್ತಿ ನಡೆದವರು 1976ರ ಭಾರತ-ಜಪಾನ್ ಜಂಟಿ ತಂಡದವರು. ಆ ವರ್ಷದ ಜೂನ್‌ನಲ್ಲಿ ಯೋಶಿನೋರಿ ಹಾಸೆಗಾವಾ ಮತ್ತು ಕಾಜುಶಿಗೆ ತಾಕಾಮಿ ಫ್ರೆಂಚರ ಯೋಜನೆಗೆ ವಿರುದ್ಧ ದಿಕ್ಕಿನಲ್ಲಿ, ಅಂದರೆ ಮೊದಲು ಸುನಂದೆಯನ್ನು ಹತ್ತಿ, ಏಣಿನ ಮೇಲೆ ಪಶ್ಚಿಮಕ್ಕೆ ನಡೆದು ನಂದೆಯನ್ನು ಸೇರಿದರು. ದುಪ್ಲಾ ಮತ್ತು ವಿನ್ಯ್ ಹೊರಟು 25 ವರ್ಷ ಆಗಿತ್ತು.

ಇಲ್ಲಿಗೆ ಮಗಳು ಕತೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಇನ್ನೊಂದಿದೆ ಅಪ್ಪ. ನಿಮ್ಮಿಂದ ಮುಚ್ಚಿಡಬಾರದು ಅನ್ನಿಸ್ತು” ಎಂದಳು.

ವಿಲ್ಲಿ ಅನ್‌ಸೋಲ್ಡ್ ಎಂಬ ಅಮೆರಿಕದ ಅಧ್ಯಾಪಕ ತನ್ನ ಯೌವನದಲ್ಲಿ ಈ ಪರ್ವತವನ್ನು ಕಂಡು, ಮುಂದೆ ಮಗಳು ಹುಟ್ಟಿದರೆ ಇದರದೇ ಹೆಸರಿಡುವೆನೆಂದು ನಿಶ್ಚಯಿಸಿದನಂತೆ. ಹಾಗೆಯೇ ನಂದಾದೇವಿ ಎಂದು ಹೆಸರಿಟ್ಟ. 1963ರಲ್ಲಿ ಆತ ಟಾಮ್ ಹಾರ್ನ್‌ಬೈನ್ ಜೊತೆಗೆ ಎವರೆಸ್ಟನ್ನು ಪಶ್ಚಿಮದ ಏಣಿನ ಮೂಲಕ ಹತ್ತಿ ಇನ್ನೊಂದು ಬದಿಗೆ ಇಳಿದ. ಎವರೆಸ್ಟನ್ನು ಹೀಗೆ ಅಡ್ಡ ಹಾಯ್ದವರಲ್ಲಿ ಇವರೇ ಮೊದಲಿಗರು. ರಾತ್ರಿಯನ್ನು 8500 ಮೀಟರಿಗೂ ಮೇಲೆ ಬಯಲಿನಲ್ಲಿ ಕಳೆದದ್ದರಿಂದ ಒಂಬತ್ತು ಕಾಲ್ಬೆರಳುಗಳನ್ನು ಕಳೆದುಕೊಂಡ. 1976ರಲ್ಲಿ, ಜಪಾನಿನವರು ಏಣು ದಾಟಿದ ಮೂರು ತಿಂಗಳಿಗೆ, ತಂದೆ ಮಗಳು ಇಬ್ಬರೂ ನಂದಾದೇವಿಗೆ ಬಂದರು. ಸೆಪ್ಟೆಂಬರ್ 8ರಂದು, ಸುಮಾರು 7300 ಮೀಟರ್ ಎತ್ತರದ ಡೇರೆಯಲ್ಲಿ, ಅನಾರೋಗ್ಯದಿಂದ ಮಗಳು ತಂದೆಯ ಕಣ್ಣೆದುರಿಗೇ ತೀರಿಕೊಂಡಳು. ಅವಳಿಗೆ 22 ವರ್ಷ. ಅವಳನ್ನು ಆ ಪರ್ವತಕ್ಕೇ ಒಪ್ಪಿಸಿ ಅವನು ಕೆಳಗಿಳಿದ.

ನನ್ನ ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಎದುರಿಗೆ ಪರ್ವತ ಬೆಳಗಿನ ಬಿಸಿಲಿನಲ್ಲಿ ಹೊಂಬಣ್ಣ ಕಳೆದು ಬಿಳಿಯಾಗಿತ್ತು.

ನನಗೂ ಒಂದು ಕತೆ ಗೊತ್ತಿತ್ತು. 2019ರ ಮೇ ತಿಂಗಳಲ್ಲಿ ನಂದಾದೇವಿ ಪೂರ್ವದ ಬಳಿ ಹೆಸರಿಲ್ಲದ ಶಿಖರವೊಂದನ್ನು ಹತ್ತಲು ಹೋದ ಎಂಟು ಮಂದಿ ಸತ್ತರು. ಅವರಲ್ಲಿ ಒಬ್ಬರು ನಮ್ಮ ದೇಶದವರು. ಇಂಡೋ-ಟಿಬೆಟನ್ ಗಡಿ ಪೊಲೀಸರು ಏಳು ದೇಹಗಳನ್ನು ಹೊರತೆಗೆದರು. ಜೊತೆಗೆ ಹಿಮದಲ್ಲಿ ಒಂದು ಕ್ಯಾಮೆರಾ ಸಿಕ್ಕಿತು. ಅದರಲ್ಲಿನ ಚಿತ್ರವನ್ನು ಟಿ.ವಿ.ಯಲ್ಲಿ ನಾನು ನೋಡಿದ್ದೆ. ಹಗ್ಗಕ್ಕೆ ಕಟ್ಟಿಕೊಂಡ ಸಾಲು, ಒಳ್ಳೆಯ ಬಿಸಿಲು, ಏಣಿನ ಮೇಲೆ ನಿಧಾನವಾದ ನಡಿಗೆ. ಅವರು ಕಾಲಿಟ್ಟ ಹಿಮದ ಸೂರು ಕುಸಿದಿರಬಹುದೆಂದು ಊಹಿಸಲಾಗಿದೆ. ನುರಿತವರು, ಹಗ್ಗ ಇತ್ತು, ಬಿಸಿಲೂ ಇತ್ತು. ಆ ನಮೂನೆ ಉತ್ತರಪತ್ರಿಕೆಗಳ ಕೆಳಗೆ ಹೋಗಿದ್ದು ಈ ಚಿತ್ರದಿಂದಾಗಿ. ಅದನ್ನು ಆ ಬೆಳಿಗ್ಗೆ ಮಗಳಿಗೆ ಮೊದಲ ಬಾರಿಗೆ ಹೇಳಿದೆ.

ಅವಳು ವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ನಾನು ನಂದಾದೇವಿ ಹತ್ತುತ್ತೀನಿ ಅಂತ ಕೇಳ್ತಿಲ್ಲ ಅಪ್ಪ. ಒಳಗಿನ ಬಯಲಿಗೆ ಈಗ ಯಾರನ್ನೂ ಹತ್ತೋಕೆ ಬಿಡೋದೂ ಇಲ್ಲ. ಹಗ್ಗ ಹೇಗೆ ಕಟ್ಟಬೇಕು, ಎಲ್ಲಿ ಕಾಲಿಡಬಾರದು, ಯಾವಾಗ ವಾಪಸ್ ಬರಬೇಕು ಅಂತ ಕಲಿಯೋಕೆ ಕೇಳ್ತಿದ್ದೀನಿ. ಕಲಿಯದೆ ಗೆಳತಿಯರ ಜೊತೆ ಎಲ್ಲಾದ್ರೂ ಹತ್ತಿದ್ರೆ ಅದು ಹೆಚ್ಚು ಅಪಾಯ ಅಲ್ವಾ?”

ಅವಳು ಹೇಳಿದ್ದು ಸರಿ. 1982ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಜನರ ಓಡಾಟದಿಂದ ಒಳಬಯಲು ಹಾಳಾಗುತ್ತಿದೆಯೆಂದು ಮರುವರ್ಷದಿಂದ ಪರ್ವತಾರೋಹಿಗಳ ಪ್ರವೇಶ ನಿಲ್ಲಿಸಿದರು. 1988ರಲ್ಲಿ ಅದು ವಿಶ್ವ ಪರಂಪರೆಯ ತಾಣವೂ ಆಯಿತು. ಆದರೆ ಸರಿಯಾದ ಮಾತಿಗೆ ತಂದೆಯ ಹೆದರಿಕೆ ತಕ್ಷಣ ಸೋಲುವುದಿಲ್ಲ. ನಾನು ಮತ್ತೆ “ನೋಡೋಣ” ಎಂದೆ.

ಆ ರಾತ್ರಿ ಅತಿಥಿಗೃಹದಲ್ಲಿ ಚಳಿಗೆ ನಿದ್ದೆ ಬರಲಿಲ್ಲ. ಮಾಡಿನ ಮೇಲಿದ್ದ ಆ 12 ವರ್ಷದ ಹುಡುಗ ನೆನಪಾದ. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಅಮ್ಮ ಹೇಳಿದ್ದರು, ಅಂದು ಅವರು ಮಧ್ಯಾಹ್ನದ ಊಟ ಮಾಡಲಿಲ್ಲವಂತೆ, ಕೈ ನಡುಗುತ್ತಿತ್ತಂತೆ. ನಾನು ಜಾರಿದ್ದರೆ ಕೆಳಗಿನಿಂದ ಅವರು ಹಿಡಿಯುವುದು ಸಾಧ್ಯವಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಏಣಿ ಬಿಟ್ಟು ಕದಲಲಿಲ್ಲ, ಇಳಿದು ಬಾ ಎನ್ನಲೂ ಇಲ್ಲ. ಹೇಗೆ ಸರಿಯಬೇಕೆಂದು ಮಾತ್ರ ಹೇಳಿಕೊಟ್ಟರು. ಒಬ್ಬ ತಂದೆಯಿಂದ ಆಗುವುದು ಅಷ್ಟೇ ಇರಬೇಕು.

ಊರಿಗೆ ಬಂದ ಮೇಲೆ ಕಟ್ಟಿನ ಕೆಳಗಿನಿಂದ ನಮೂನೆ ತೆಗೆದು ರುಜು ಹಾಕಿದೆ. ನನ್ನ ಹೆಂಡತಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಮಗಳು ಹೋದಳು. ನಾಲ್ಕು ವಾರದಲ್ಲಿ ಬಂದ ಫೋನುಗಳನ್ನು ಬೆರಳಲ್ಲಿ ಎಣಿಸಬಹುದು. ತರಬೇತಿಯ ಕೊನೆಯಲ್ಲಿ, ಹಿಮನದಿಯ ಮೇಲಿನ ಒಂದು ಎತ್ತರದ ಜಾಗಕ್ಕೆ ಎಲ್ಲರನ್ನೂ ಹತ್ತಿಸುವ ಕ್ರಮವಿದೆ. ಅದು ಮುಗಿದು ಕೆಳಗಿನ ಊರಿಗೆ ಬಂದ ಮೇಲೆ ಫೋನ್ ಮಾಡಿದಳು.

“ಅಪ್ಪ, ಮೇಲಕ್ಕೆ ಹೋಗಲಿಲ್ಲ. ಒಂದು ಗಂಟೆ ದಾರಿ ಉಳಿದಿತ್ತು. ಮೋಡ ಬಂತು, ಹಿಮ ಬೀಳೋಕೆ ಶುರುವಾಯ್ತು. ಸರ್ ವಾಪಸ್ ಅಂದ್ರು.”

“ಬೇಜಾರಾಯ್ತಾ?”

“ಆಯ್ತು. ಅತ್ತುಬಿಟ್ಟೆ. ಆದ್ರೆ ಇಳಿಯೋವಾಗ ನೋಡಿದ್ರೆ, ನನ್ನ ಹಗ್ಗದಲ್ಲಿದ್ದ ಹುಡುಗಿಯ ಕೈಬೆರಳು ಮರಗಟ್ಟಿಹೋಗಿತ್ತು. ಅವಳು ಹೇಳಿಯೇ ಇರಲಿಲ್ಲ. ಇನ್ನೊಂದು ಗಂಟೆ ಹತ್ತಿದ್ರೆ ಏನಾಗ್ತಿತ್ತೋ.”

ಮಕ್ಕಳು ಪರೀಕ್ಷೆಯಲ್ಲಿ ರ‍್ಯಾಂಕ್ ಬಂದರೆಂದು ಫೋನ್ ಮಾಡುವ ತಂದೆತಾಯಿಗಳ ದನಿಯನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. ಅಂದು ನನ್ನ ದನಿಯೂ ಹಾಗೆಯೇ ಇದ್ದಿರಬೇಕು. ಒಂದು ಗಂಟೆಯ ದಾರಿ ಉಳಿದಿರುವಾಗ ಹಿಂದಿರುಗಿದ್ದನ್ನು ಹೆಂಡತಿಗೆ ಎರಡು ಸಲ ಹೇಳಿದೆ. ನಮ್ಮ ಶಾಲೆಗಳಲ್ಲಿ ಮುಂದೆ ಹೋಗುವುದಕ್ಕೆ ಅಂಕ ಕೊಡುತ್ತೇವೆ. ಸರಿಯಾದ ಕಾಲಕ್ಕೆ ಹಿಂದಿರುಗಿದವರಿಗೆ ಕೊಡಲು ನಮ್ಮಲ್ಲಿ ಅಂಕವಿಲ್ಲ. ಆದರೆ ಮೋಡ ಮುಚ್ಚಿದ ಏಣಿನ ಮೇಲೆ ಕೆಲಸಕ್ಕೆ ಬರುವುದು ಆ ವಿದ್ಯೆಯೇ.

ಮೊನ್ನೆ ಮಗಳು ಮತ್ತೊಂದು ನಮೂನೆ ತಂದಿಟ್ಟಿದ್ದಾಳೆ. ಈ ಸಲ ಮುಂದಿನ ಹಂತದ ತರಬೇತಿ. ಅವಳಿಗೀಗ 22 ವರ್ಷ. ರುಜು ಇನ್ನೂ ಹಾಕಿಲ್ಲ. ಆದರೆ ನಮೂನೆ ಉತ್ತರಪತ್ರಿಕೆಗಳ ಕಟ್ಟಿನ ಕೆಳಗಿಲ್ಲ, ಮೇಲೆಯೇ ಇದೆ.